ಫೋಲ್ಕೆ ಊಕೆನ್ ಕಾದ ತಾಮ್ರದ ನೀರು

ನವೆಂಬರಿನ ಮೊದಲ ಮಂಗಳವಾರ, ಬೆಳಗಿನ ಆರು ಗಂಟೆ ಐವತ್ತು ನಿಮಿಷ. ಎಮ್ಡೆನ್ ಬಂದರೂರಿನ ಅಕ್ವೇರಿಯಂ ಸಂಘದ ನೆಲಮಾಳಿಗೆಯಲ್ಲಿ ಫೋಲ್ಕೆ ಊಕೆನ್ ನೋಯುವ ಬಲಸೊಂಟವನ್ನು ಮೇಜಿಗೆ ಆನಿಸಿ ನಿಂತು, ಸೂಜಿಯಿಲ್ಲದ ಸಿರಿಂಜಿನಿಂದ ನೀಲಿ ದ್ರಾವಣವನ್ನು ತೊಟ್ಟಿಯ ನೀರಿಗೆ ಹನಿಹನಿಯಾಗಿ ಬಿಡುತ್ತಿದ್ದಳು.

ಅದು ತಾಮ್ರದ ದ್ರಾವಣ. ತೊಟ್ಟಿಯಲ್ಲಿದ್ದ ಐದು ಕಡಲ ಮೀನುಗಳ ಮೈಮೇಲೂ ಯಾರೋ ಉಪ್ಪಿನ ಹರಳು ಎರಚಿದಂತೆ ಬಿಳಿ ಚುಕ್ಕಿಗಳಿದ್ದವು. ಒಂದೊಂದು ಚುಕ್ಕಿಯೊಳಗೂ ಮೀನಿನ ಮೈಯನ್ನೇ ಉಣ್ಣುವ ಒಂದೊಂದು ಸೂಕ್ಷ್ಮಜೀವಿ. ಅದು ಮೈ ಬಿಟ್ಟು ಕೆಳಗೆ ಬಿದ್ದು, ಮರಿಯೊಡೆದು, ಮರಿಗಳು ಹೊಸ ಮೀನು ಹುಡುಕಿ ಈಜುವಾಗ ತಾಮ್ರ ಅವನ್ನು ಕೊಲ್ಲುತ್ತದೆ. ತಾಮ್ರ ಕಡಿಮೆಯಾದರೆ ರೋಗ ಉಳಿಯುತ್ತದೆ. ಹೆಚ್ಚಾದರೆ ಮೀನು ಉಳಿಯುವುದಿಲ್ಲ. ಎರಡರ ನಡುವಿನ ಗೆರೆ ಬಹಳ ತೆಳ್ಳಗಿನದು. ನೀರನ್ನು ಆ ಗೆರೆಯ ಮೇಲೆ ನಿಲ್ಲಿಸುವುದು ಫೋಲ್ಕೆಯ ಕೆಲಸವಾಗಿ ಇಪ್ಪತ್ತು ವರ್ಷ ಮೀರಿತ್ತು.

ಎಂದಿನಂತಾಗಿದ್ದರೆ ಅವಳು ಐದು ದಿನ ತೆಗೆದುಕೊಂಡು, ಮೀನಿಗೆ ತಿಳಿಯದ ಹಾಗೆ ಮಟ್ಟ ಏರಿಸುತ್ತಿದ್ದಳು. ಈ ಸಲ ಎರಡೇ ದಿನದಲ್ಲಿ ಏರಿಸಿದ್ದಳು. ಸೊಂಟದ ಕೀಲು ಬದಲಿಸಲು ಜನವರಿಯಲ್ಲಿ ದಿನ ಕೊಟ್ಟಿದ್ದ ಆಸ್ಪತ್ರೆಯವರು ನಿನ್ನೆ ಫೋನು ಮಾಡಿ, ಒಬ್ಬರು ಹಿಂದೆ ಸರಿದಿದ್ದಾರೆ, ಮಂಗಳವಾರವೇ ಬಂದು ಸೇರಿದರೆ ಬುಧವಾರ ಮಾಡಿಬಿಡುತ್ತೇವೆ ಎಂದಿದ್ದರು. ಒಲ್ಲೆ ಎನ್ನುವಂತಿರಲಿಲ್ಲ, ನೆಲಮಾಳಿಗೆಯ ಮೆಟ್ಟಿಲನ್ನು ಅವಳು ಈಗೀಗ ಕೂತುಕೊಂಡೇ ಇಳಿಯುತ್ತಿದ್ದಳು. ಅವಳಿಲ್ಲದಾಗ ತೊಟ್ಟಿ ನೋಡಿಕೊಳ್ಳಲು ಇದ್ದವನು ಐಲರ್ಟ್ ಬುಸ್ ಒಬ್ಬನೇ. ಅವನ ಕೈಗೆ ಅರ್ಧ ಏರಿದ ಮಟ್ಟವನ್ನು ಒಪ್ಪಿಸಲು ಅವಳಿಗೆ ಮನಸ್ಸು ಬರಲಿಲ್ಲ. ಏರಿಸುವ ಕೆಲಸ ತಾನೇ ಮುಗಿಸಿಬಿಡುವುದು, ಅವನು ಕಾಯ್ದುಕೊಂಡು ಹೋದರೆ ಸಾಕು ಎಂದು ತೀರ್ಮಾನಿಸಿದ್ದಳು.

"ಮೊಯಿನ್," ಎನ್ನುತ್ತ ಐಲರ್ಟ್ ಇಳಿದು ಬಂದ. ಬೋರ್ಕುಮ್ ದ್ವೀಪಕ್ಕೆ ಹೋಗುವ ಹಡಗಿನ ಎಂಜಿನ್ ಕೋಣೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು. ಈಗಲೂ ಎಂಜಿನ್ನಿನ ಸದ್ದನ್ನು ಮೀರಿಸಬೇಕೆನ್ನುವಂತೆ ಮಾತಾಡುತ್ತಿದ್ದ. "ವಿಷ ಹಾಕೋದು ಮುಗೀತಾ?"

"ಔಷಧಿ," ಎಂದಳು ಫೋಲ್ಕೆ, ಹನಿಯಿಂದ ಕಣ್ಣು ತೆಗೆಯದೆ.

"ಹಡಗಿನ ತಳಕ್ಕೆ ಚಿಪ್ಪು ಅಂಟಬಾರ್ದು ಅಂತ ನಾವು ಬಳೀತಿದ್ದ ಬಣ್ಣದಲ್ಲೂ ತಾಮ್ರವೇ ಇದ್ದದ್ದು ಕಣೇ. ಅದನ್ನ ಯಾರೂ ಔಷಧಿ ಅಂತಿರ್ಲಿಲ್ಲ."

"ನಿನ್ನ ಬೆಳ್ಳುಳ್ಳಿಗಿಂತ ವಾಸಿ."

"ಬೆಳ್ಳುಳ್ಳಿ ತಿಂದು ಸತ್ತ ಒಂದು ಮೀನು ತೋರ್ಸು, ನೋಡೋಣ."

"ಬೆಳ್ಳುಳ್ಳಿ ತಿಂದು ವಾಸಿಯಾದ ಮೀನನ್ನ ನೀನು ಮೊದ್ಲು ತೋರ್ಸು, ಮಾರಾಯ."

ಅವಳು ನೀರು ಅಳೆಯುವ ಪುಟ್ಟ ಮೀಟರನ್ನು ಅವನ ಕೈಗಿತ್ತು, ತನ್ನೆದುರೇ ಒಮ್ಮೆ ಅಳೆಸಿದಳು. ಲೀಟರಿಗೆ ಒಂದು ಮಿಲಿಗ್ರಾಮಿನ ನೂರರಲ್ಲಿ ಇಪ್ಪತ್ತೆರಡು ಭಾಗ. ಸಂಘದವರ ಬಾಯಲ್ಲಿ ಬರೀ ಇಪ್ಪತ್ತೆರಡು.

"ದಿನಾ ಬೆಳಗ್ಗೆ ಅಳೀಬೇಕು. ಎಷ್ಟು ಇಳಿದಿರುತ್ತೋ ಅಷ್ಟು ತುಂಬ್ಬೇಕು. ಆಮೇಲೆ ನಂಗೆ ಫೋನು. ನಿನ್ನ ಅಭಿಪ್ರಾಯ ಹೇಳೋಕಲ್ಲ, ಅಂಕೆ ಹೇಳೋಕೆ."

"ನಿನ್ನ ಹೊಟ್ಟೆ, ಸಾರಿ, ಸೊಂಟ ಕೊಯ್ತಾ ಇರೋವಾಗ್ಲೂ ಫೋನು ಮಾಡ್ಲಾ?"

"ಬುಧವಾರ ಬೇಡ. ಗುರುವಾರದಿಂದ."

ತಾಮ್ರವೆಂದರೆ ಮುಖ ಸಿಂಡರಿಸುವವನನ್ನೇ ಆರಿಸಿದ್ದಕ್ಕೆ ಅವಳದೇ ತರ್ಕವಿತ್ತು. ಮೀಟರು ಓದಬಲ್ಲವನು, ಬೆಳಗ್ಗೆ ಬಿಡುವಿದ್ದವನು ಅವನು. ಜೊತೆಗೆ, ಔಷಧಿಯ ವಿರೋಧಿ ಎಂದು ಊರಿಗೆಲ್ಲ ಗೊತ್ತಿದ್ದವನು ಏನಾದರೂ ಕಿತಾಪತಿ ಮಾಡಿದರೆ ಎಲ್ಲರ ಕಣ್ಣೂ ಮೊದಲು ಅವನ ಮೇಲೇ ಬೀಳುತ್ತದೆ. ಗೆಳೆಯನನ್ನು ನಂಬಿ ಕೆಡುವುದಕ್ಕಿಂತ ಎದುರಾಳಿಯನ್ನು ಕಾಯುವುದು ಸುಲಭ ಎಂಬುದು ಅವಳ ಲೆಕ್ಕ.

ಫೋಲ್ಕೆಯ ಸಂಶಯ ಹುಟ್ಟುಗುಣವೇನಲ್ಲ, ಕಸುಬಿನಿಂದ ಬಂದದ್ದು. ಕುಡಿಯುವ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೂದಲು ನೆರೆಯುವವರೆಗೆ ದುಡಿದವಳು. ತಿಳಿಯಾಗಿ ಕಾಣುವ ನೀರನ್ನು ನಂಬಬಾರದೆಂಬುದು ಅಲ್ಲಿಯ ಮೊದಲ ಪಾಠ. ಸಂಘಕ್ಕೆ ಸೇರಿದ ಹೊಸದರಲ್ಲಿ ಅವಳು ಒಂದು ಅಂಗಡಿಯಿಂದ ಮೀನು ತಂದಿದ್ದಳು. ಕನ್ನಡಿಯಂಥ ಮೈ, ಒಂದು ಚುಕ್ಕಿಯಿಲ್ಲ. ಮನೆಯ ತೊಟ್ಟಿಗೆ ಬಿಟ್ಟು ಹತ್ತು ದಿನದೊಳಗೆ ಇದ್ದಬದ್ದ ಮೀನುಗಳೆಲ್ಲ ಬಿಳಿಚುಕ್ಕಿ ಹತ್ತಿ ಹೋದವು. ಮತ್ತೆ ಅದೇ ಅಂಗಡಿಗೆ ಹೋಗಿ, ಮಾತಾಡುತ್ತ ಮಾತಾಡುತ್ತ ಜಾಮ್ ಬಾಟಲಿಯಲ್ಲಿ ಒಂದಿಷ್ಟು ನೀರು ಹಿಡಿದು ತಂದು ಅಳೆದಳು. ತಾಮ್ರವಿತ್ತು. ರೋಗವನ್ನು ಕೊಲ್ಲುವಷ್ಟಲ್ಲ, ಗಿರಾಕಿಯ ಕಣ್ಣಿಗೆ ಬೀಳದಂತೆ ಅಡಗಿಸುವಷ್ಟು. "ನಮ್ಮಲ್ಲಿ ಔಷಧಿ ಅನ್ನೋದೇ ಇಲ್ಲ ಮೇಡಂ" ಎಂದು ಆ ಮನುಷ್ಯ ಎದೆ ಮುಟ್ಟಿ ಹೇಳಿದ್ದ.

ಅಂದಿನಿಂದ ಸಂಘದಲ್ಲೊಂದು ಕಟ್ಟಳೆ ಬಂತು: ಮೊದಲು ನೀರು, ಆಮೇಲೆ ಮೀನು. ಯಾರೇ ಮೀನು ಕೊಳ್ಳುವುದಿದ್ದರೂ ಮೊದಲು ಅಂಗಡಿಯ ನೀರನ್ನು ಬಾಟಲಿಯಲ್ಲಿ ತಂದು ಫೋಲ್ಕೆಯ ಮುಂದಿಡಬೇಕು. ಅವಳು ಹೂಂ ಎಂದರೆ ಮೀನು ಬರುತ್ತದೆ. ಬಂದರೂ ನೇರ ಮನೆಗೆ ಹೋಗುವಂತಿಲ್ಲ, ನೆಲಮಾಳಿಗೆಯ ಆರೈಕೆ ತೊಟ್ಟಿಯಲ್ಲಿ ಆರು ವಾರ ಇರಬೇಕು. ಬೆನ್ನ ಹಿಂದೆ ಅವಳನ್ನು ಸುಂಕದವಳು ಎನ್ನುತ್ತಿದ್ದರು. ಅದು ಅವಳಿಗೆ ಗೊತ್ತಿತ್ತು, ಬೇಸರವೇನಿರಲಿಲ್ಲ.

ಈ ಕಟ್ಟಳೆಯನ್ನು ಮುರಿದವರು ಸಂಘದಲ್ಲೇ ಹಿರಿಯರಾದ ರೆಮ್ಮರ್ ಸಾಟ್‌ಹೋಫ್. ಬಂದರಿನ ಹೂಳೆತ್ತುವ ಹಡಗಿನಲ್ಲಿ ದುಡಿದವರು. ಎಂಬತ್ತನೆಯ ಹುಟ್ಟುಹಬ್ಬಕ್ಕೆಂದು ತಮಗೆ ತಾವೇ ಒಂದು ಏಂಜಲ್ ಮೀನು ತಂದುಕೊಂಡರು, ಕೆಂಡದಂಥ ಮೈಗೆ ಕಪ್ಪು ಪಟ್ಟೆ. ಸೀದಾ ಮನೆಯ ತೊಟ್ಟಿಗೆ ಬಿಟ್ಟರು. ಆಮೇಲೆ ಎಲ್ಲ ಮೀನಿಗೂ ಚುಕ್ಕಿ ಹತ್ತಿದಾಗ ಐದನ್ನೂ ಬಕೀಟಿನಲ್ಲಿ ತುಂಬಿಕೊಂಡು ಫೋಲ್ಕೆಯ ಮುಂದೆ ನಿಂತರು. ಅವರ ತೊಟ್ಟಿಯಲ್ಲಿ ಹವಳ, ಸಿಗಡಿ ಇದ್ದವು. ಅಲ್ಲಿಗೆ ತಾಮ್ರ ಹಾಕಿದರೆ ಅವೆಲ್ಲ ಸಾಯುತ್ತಿದ್ದವು.

"ಆರು ವಾರ ಕಾಯಕ್ಕೆ ಏನಾಗಿತ್ತು ರೆಮ್ಮರ್ ನಿಮ್ಗೆ?" ಎಂದು ಫೋಲ್ಕೆ ಕೇಳಿದ್ದಳು.

"ನಿನ್ನ ಆರು ವಾರ ಬೇರೆ, ಎಂಬತ್ತರಲ್ಲಿ ಆರು ವಾರ ಬೇರೆ ಕಣಮ್ಮ," ಎಂದಿದ್ದರು ಅವರು. ನಂತರ ಬಕೀಟಿನ ಮೇಲೆ ಬಗ್ಗಿ, "ಉಳಿದವು ಹೇಗಾದ್ರೂ ಆಗ್ಲಿ. ಈ ಮೇಸ್ತ್ರಿಯನ್ನ ಒಂದು ಉಳಿಸ್ಕೊಡು."

ಮೇಸ್ತ್ರಿ ಎಂದರೆ ರಾಸ್ ಜಾತಿಯ ಹಸಿರು ಮೀನು. ಅದು ಹದಿನಾಲ್ಕು ವರ್ಷದಿಂದ ಅವರ ತೊಟ್ಟಿಯಲ್ಲಿ ಕಲ್ಲು ಮಗುಚುತ್ತ, ಮರಳು ತೋಡುತ್ತ, ತೋಡಿದ್ದನ್ನು ಬೇರೆಡೆ ಗುಡ್ಡೆ ಹಾಕುತ್ತ ಬದುಕಿತ್ತು. ತಮ್ಮ ಕಸುಬನ್ನೇ ಹಿಡಿದ ಏಕೈಕ ಮೀನು ಎಂದು ರೆಮ್ಮರ್ ಬಂದವರಿಗೆಲ್ಲ ತೋರಿಸುತ್ತಿದ್ದರು. ಮರಳಿನಲ್ಲಿ ಹೂತುಕೊಂಡೇ ಅದು ಮಲಗುವುದು. ಬರಿಯ ಗಾಜಿನ ಆರೈಕೆ ತೊಟ್ಟಿಯಲ್ಲಿ ಅದಕ್ಕೆಂದು ಫೋಲ್ಕೆ ಒಂದು ಡಬ್ಬಿಯ ತುಂಬ ತಾಮ್ರ ಹೀರದ ಗಾಜುಮರಳು ಇಟ್ಟಿದ್ದಳು.

"ಉಳಿಸ್ತೀನಿ," ಎಂದಿದ್ದಳು. ಅಂಥ ಮಾತನ್ನು ಅವಳು ಯಾರಿಗೂ ಕೊಡುತ್ತಿರಲಿಲ್ಲ.

ಗುರುವಾರ ಬೆಳಗ್ಗೆ, ಅರಿವಳಿಕೆಯ ಮಂಪರು ಇನ್ನೂ ಪೂರ್ತಿ ಇಳಿದಿರದ ಹೊತ್ತಿಗೆ, ಫೋನು ಬಂತು.

"ಇಪ್ಪತ್ತೆರಡು," ಎಂದ ಐಲರ್ಟ್.

"ಮೀನು?"

"ತಿಂತಿದಾವೆ. ಓಡಾಡ್ತಿದಾವೆ."

ಅವಳು ಸಮಾಧಾನದಿಂದ ಕಣ್ಣು ಮುಚ್ಚಿದಳು. ಶುಕ್ರವಾರ ಇಪ್ಪತ್ತೆರಡು. ಶನಿವಾರ ಇಪ್ಪತ್ತೆರಡು. ಒಂದು ವಾರ ಕಳೆದು ಅವಳನ್ನು ನೊರ್ಡೈಖಿನ ಕಡಲಂಚಿನಲ್ಲಿದ್ದ ವ್ಯಾಯಾಮದ ಆಸ್ಪತ್ರೆಗೆ ಕಳಿಸಿದರು. ಹೊಸ ಕೀಲಿನ ಮೇಲೆ ನಡೆಯಲು ಕಲಿಸುವ ಜಾಗ ಅದು. ಅಲ್ಲಿಗೂ ದಿನಾ ಬೆಳಗ್ಗೆ ಫೋನು, ದಿನಾ ಅದೇ ಅಂಕೆ.

ನೋವಿನ ಮಾತ್ರೆಗಳು ಕಡಿಮೆಯಾದ ಹಾಗೆಲ್ಲ ಫೋಲ್ಕೆಯ ತಲೆ ತಿಳಿಯಾಯಿತು, ತಿಳಿಯಾದ ತಲೆಗೆ ಹುಳ ಹೊಕ್ಕಿತು. ಮೀನು ಉಂಡು ಹೊಲಸು ಮಾಡುವ ನೀರಿನಲ್ಲಿ ತಾಮ್ರ ನಿಲ್ಲುವುದಿಲ್ಲ. ಕೊಳೆಗೆ, ಲೋಳೆಗೆ, ಮಿಕ್ಕ ಆಹಾರಕ್ಕೆ ಅಂಟಿಕೊಂಡು ರಾತ್ರಿ ಬೆಳಗಾಗುವುದರೊಳಗೆ ಒಂದೆರಡು ಅಂಕೆ ಇಳಿದೇ ಇಳಿಯುತ್ತದೆ. ಇಷ್ಟು ವರ್ಷಗಳಲ್ಲಿ ಸತತ ಮೂರು ಬೆಳಗು ಒಂದೇ ಅಂಕೆ ಬಂದದ್ದನ್ನು ಅವಳು ಕಂಡಿರಲಿಲ್ಲ. ಇನ್ನೊಂದು: ಪೂರ್ಣಮಟ್ಟದ ತಾಮ್ರದಲ್ಲಿ ಮೀನುಗಳ ಬಾಯಿ ಕೆಡುತ್ತದೆ. ತಿಂದರೂ ಒಲ್ಲದ ಮನಸ್ಸಿನಿಂದ ತಿನ್ನುತ್ತವೆ. ಐಲರ್ಟನ ಬಾಯಲ್ಲಿ ಮಾತ್ರ ದಿನವೂ ಮದುವೆಮನೆ ಊಟ.

"ಇವತ್ತು ಎಷ್ಟು ತುಂಬಿದೆ?" ಎಂದು ಮುಂದಿನ ಶುಕ್ರವಾರ ಕೇಳಿದಳು.

"ತುಂಬೋ ಹಾಗೆ ಇರ್ಲಿಲ್ಲ. ಇಳೀಲೇ ಇಲ್ವಲ್ಲ."

"ಮೀಟರಿನ ಗಾಜು ಒರೆಸಿ ಅಳೀತಿದೀಯಾ?"

"ಒರೆಸಿ, ಮುದ್ದಾಡಿ, ಜೋಗುಳ ಹಾಡಿ ಅಳೀತಿದೀನಿ ಕಣೇ. ಇಡ್ಲಾ?"

ಪಕ್ಕದ ಹಾಸಿಗೆಯ ಪೊಪ್ಪಿಂಗಾ ಎಂಬಾಕೆ, ಎರಡೂ ಮೊಣಕಾಲು ಬದಲಿಸಿಕೊಂಡಿದ್ದ ವಿಧವೆ, ಹೆಣೆಯುತ್ತಿದ್ದ ಕಾಲುಚೀಲವನ್ನು ಕೆಳಗಿಟ್ಟು ನಕ್ಕಳು. "ನನ್ ಗಂಡ ಲೇಯರ್ ಊರಿನವಳ ಹಿಂದೆ ಬಿದ್ದಾಗ್ಲೂ ನಾನು ಹೀಗೆ ಫೋನು ಕಾದಿರ್ಲಿಲ್ಲ ಕಣ್ರೀ."

"ಅವರು ಹೋಗ್ತಿರೋದು ನಿಮ್ಗೆ ಹೇಗೆ ಗೊತ್ತಾಯ್ತು?"

"ಎಲ್ಲಿಗೆ ಹೋಗಿದ್ರಿ ಅಂದ್ರೆ ಪ್ರತಿಸಲಾನೂ ಒಂದೇ ಉತ್ತರ, ಒಂದಕ್ಷರ ಆಚೀಚೆ ಇಲ್ಲ. ನಿಜ ಹೇಳೋನು ಒಂದೊಂದ್ಸಲ ತಡವರಿಸ್ತಾನೆ ರೀ. ಸುಳ್ಳು ಹೇಳೋನು ಪಾಠ ಒಪ್ಪಿಸ್ತಾನೆ."

ಆ ಮಾತು ಫೋಲ್ಕೆಯ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಚಿತ್ರ ಈಗ ಸ್ಪಷ್ಟವಾಗಿತ್ತು. ಐಲರ್ಟ್ ತಾಮ್ರದ ನೀರನ್ನು ಚೆಲ್ಲಿ ಶುದ್ಧ ಉಪ್ಪುನೀರು ತುಂಬಿದ್ದಾನೆ; ಬೆಳ್ಳುಳ್ಳಿ ಜಜ್ಜಿ ಹಾಕುತ್ತಿದ್ದಾನೆ; ಬಾಯಿಗೆ ಬಂದ ಅಂಕೆಯನ್ನು ಒದರುತ್ತಿದ್ದಾನೆ. ಅರ್ಧಕ್ಕೆ ನಿಲ್ಲಿಸಿದ ಚಿಕಿತ್ಸೆ ಚಿಕಿತ್ಸೆಯೇ ಇಲ್ಲದ್ದಕ್ಕಿಂತ ಕಡೆ. ಚುಕ್ಕಿ ಕಣ್ಣಿಗೆ ಕಾಣದಾಗುತ್ತದೆ, ಮೀನು ಮನೆಗೆ ಹೋಗುತ್ತದೆ, ರೋಗ ಮತ್ತೆ ಏಳುತ್ತದೆ. ಆಮೇಲೆ ಮೇಸ್ತ್ರಿಯೂ ಇಲ್ಲ, ಅವಳ ಮಾತೂ ಇಲ್ಲ.

ಭಾನುವಾರ ಮಧ್ಯಾಹ್ನ, ಕಡಲ ಒಡ್ಡಿನ ಮೇಲೆ ಗಾಳಿ ಕುಡಿದು ಬರುತ್ತೇನೆಂದು ದಾದಿಗೆ ಹೇಳಿ, ಎರಡು ಊರುಗೋಲುಗಳ ಮೇಲೆ ಅವಳು ಒಡ್ಡಿನ ಕಡೆಗಲ್ಲ, ರೈಲು ನಿಲ್ದಾಣದ ಕಡೆಗೆ ಹೊರಟಳು. ಪೊಪ್ಪಿಂಗಾ ಕಿಟಕಿಯಲ್ಲಿ ನಿಂತು ಕಾಲುಚೀಲ ಬೀಸಿದಳು.

ಸಂಘದ ನೆಲಮಾಳಿಗೆಯ ಬೀಗ ತೆಗೆದು, ಮೆಟ್ಟಿಲ ಮೇಲೆ ಕೂತು ಕೂತು ಇಳಿದು, ದೀಪ ಹಾಕಿದಳು. ಬೆಳ್ಳುಳ್ಳಿ ವಾಸನೆಯಿರಲಿಲ್ಲ. ಹೀಟರಿನ ಕೆಂಪು ದೀಪ ಉರಿಯುತ್ತಿತ್ತು, ಗಾಳಿಯ ಗುಳ್ಳೆಗಳು ಏಳುತ್ತಿದ್ದವು, ನೀರು ತಿಳಿಯಾಗಿತ್ತು. ಮೀನು ಕಾಣಲಿಲ್ಲ. ಅಡಗಲೆಂದು ಹಾಕಿದ್ದ ಪ್ಲಾಸ್ಟಿಕ್ ಪೈಪುಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದಳು. ಮರಳಿನ ಡಬ್ಬಿಗೆ ಕೈಹಾಕಿ ಬೆರಳಾಡಿಸಿದಳು. ಒಂದೂ ಇಲ್ಲ. ಕಪಾಟಿನ ಮೇಲಿನ ಜಾಗವೂ ಖಾಲಿ. ಸಂಘದ ಸೂಕ್ಷ್ಮದರ್ಶಕ ಅಲ್ಲಿರಲಿಲ್ಲ.

ಮಾರಿಕೊಂಡನೇ? ಸಾಯಿಸಿ ಹೂತನೇ?

ಮೀಟರು ಮಾತ್ರ ಮೇಜಿನ ಮೇಲೆ, ಒರೆಸಿದ ಗಾಜಿನೊಂದಿಗೆ, ಇಟ್ಟಲ್ಲೇ ಇತ್ತು. ಏನು ಮಾಡಬೇಕೆಂದು ತೋಚದೆ, ಕೈ ರೂಢಿಯಿಂದ ನೀರು ಹಿಡಿದು ಅಳೆದಳು.

ಇಪ್ಪತ್ತೆರಡು.

ಊರುಗೋಲನ್ನು ತಬ್ಬಿಕೊಂಡು ಬಹಳ ಹೊತ್ತು ಆ ಅಂಕೆಯನ್ನೇ ನೋಡಿದಳು. ಐಲರ್ಟ್ ಒಂದು ದಿನವೂ ಸುಳ್ಳು ಹೇಳಿರಲಿಲ್ಲ. ಉಣ್ಣುವವರಿಲ್ಲ, ಹೊಲಸು ಮಾಡುವವರಿಲ್ಲ, ಆದ್ದರಿಂದ ತಾಮ್ರ ಇಳಿಯಲೂ ಇಲ್ಲ. ಅವನು ದಿನವೂ ಬಂದು ಮೀನಿಲ್ಲದ ನೀರನ್ನು ಪ್ರಾಮಾಣಿಕವಾಗಿ ಅಳೆದು ಅವಳಿಗೆ ಒಪ್ಪಿಸುತ್ತಿದ್ದ.

ಟ್ಯಾಕ್ಸಿ ಹಿಡಿದು ಅವನ ಮನೆಗೆ ಹೋದಳು. ಬಾಗಿಲು ತೆರೆದ ಐಲರ್ಟ್ ಅವಳ ಮುಖ ನೋಡಿದ, ಊರುಗೋಲು ನೋಡಿದ, ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದ.

"ಹೊಲಿಗೆ ಬಿಚ್ಚಿದಾರಾ?"

"ಮೀನೆಲ್ಲಿ?"

"ಒಳಗೆ ಬಾ. ಮೆಟ್ಲಿದೆ, ನೋಡ್ಕೊಂಡು."

ಬಟ್ಟೆ ಒಗೆಯುವ ಕೋಣೆಯಲ್ಲಿ ಗಾರೆ ಕಲಸುವ ಎರಡು ಕರಿ ಟಬ್ಬುಗಳಿದ್ದವು. ಒಂದು ಒಲೆಯ ಪಕ್ಕ ಬೋರಲಾಗಿ ಒಣಗುತ್ತಿತ್ತು. ಇನ್ನೊಂದರಲ್ಲಿ ಉಪ್ಪುನೀರು, ಹೀಟರು, ಗಾಳಿಕೊಳವೆ, ನಡುವೆ ಕೆಂಡದಂಥ ಏಂಜಲ್ ಮೀನು. ಅದರ ಹಿಂದೆ ಎರಡು ಕ್ಲೌನ್ ಮೀನು, ಒಂದು ಹಳದಿ ಟ್ಯಾಂಗ್. ಫೋಲ್ಕೆ ಟಾರ್ಚು ಕೇಳಿ ಇಸಕೊಂಡು ಒಂದೊಂದರ ಮೈಮೇಲೂ ಬೆಳಕು ಬಿಟ್ಟಳು. ಚುಕ್ಕಿಯಿರಲಿಲ್ಲ.

"ನಾಲ್ಕೇ ಇವೆ," ಎಂದಳು.

"ನಾಲ್ಕೇ."

ಐಲರ್ಟನ ದನಿ ಅಷ್ಟು ಮೆಲ್ಲಗಾದದ್ದನ್ನು ಅವಳು ಮೊದಲ ಸಲ ಕೇಳಿದ್ದು.

"ನೀನು ಹೋದ ಮಾರನೇ ಬೆಳಗ್ಗೆ ಬಂದ್ರೆ ಮೇಸ್ತ್ರಿ ಮಗ್ಗುಲಾಗಿದ್ದ," ಎಂದ. "ಉಳಿದವು ಮೇಲ್ಗಡೆ ಬಂದು ಬಾಯ್ ಬಾಯ್ ಬಿಡ್ತಿದ್ವು. ಅಳೆದೆ. ಇಪ್ಪತ್ತೆರಡೇ. ಏನ್ಮಾಡ್ಲಿ? ನಾಲ್ಕನ್ನೂ ಎತ್ಕೊಂಡು ಬಂದೆ. ಮೂರು ದಿನಕ್ಕೊಂದ್ಸಲ ಟಬ್ಬು ಬದಲಿಸ್ತಿದೀನಿ. ಉದುರಿದ್ದು ತಳದಲ್ಲಿ ಮರಿಯೊಡೆಯೋಕೆ ಮುಂಚೆ ಮೀನು ಹೊಸ ನೀರಿಗೆ, ಹಳೇ ಟಬ್ಬು ತೊಳೆದು ಒಣಗೋಕೆ. ಔಷಧಿಯೂ ಇಲ್ಲ, ಬೆಳ್ಳುಳ್ಳಿಯೂ ಇಲ್ಲ. ನಾಳೆಗೆ ಮುಗೀತು."

ಆ ಪದ್ಧತಿ ಅವಳಿಗೆ ಗೊತ್ತಿಲ್ಲದ್ದಲ್ಲ. ಕೈಬಿಡುವಿಲ್ಲದ ಕೆಲಸವೆಂದು ಸಂಘದಲ್ಲಿ ಯಾರೂ ಮಾಡುತ್ತಿರಲಿಲ್ಲ.

"ಫೋನಲ್ಲಿ ಯಾಕೋ ಹೇಳ್ಲಿಲ್ಲ?"

"ಬುಧವಾರ ನಿನ್ನ ಕೊಯ್ತಿದ್ರು. ಗುರುವಾರ ಹೇಳಿದ್ರೆ ಕೊಯ್ದಿದ್ದನ್ನ ಕೈಯಲ್ಲಿ ಹಿಡ್ಕೊಂಡು ಬರ್ತಿದ್ದೆ. ಇವತ್ತೇ ಬಂದಿದೀಯ, ನೋಡು."

"ಮೀನು ತಿಂತಿದಾವೆ ಅಂದೆ."

"ತಿಂತಿದಾವಲ್ಲ. ಎಷ್ಟು ಅಂತ ನೀನು ಕೇಳ್ಲಿಲ್ಲ. ಅಂಕೆ ಕೇಳ್ದೆ, ಅಂಕೆ ಕೊಟ್ಟೆ."

ಅಡುಗೆಮನೆಯಲ್ಲಿ ಅವನು ಬಟ್ಟಲಿಗೆ ಕಲ್ಲುಸಕ್ಕರೆ ಹಾಕಿ, ಮೇಲೆ ಬಿಸಿ ಚಹಾ ಸುರಿದು, ಕೆನೆ ಬಿಟ್ಟ. ಅವಳು ಕುಡಿದಳು. ಅವನು ಎರಡನೆಯ ಸಲ ಕೆಟಲ್ ಬಗ್ಗಿಸುವ ಮೊದಲೇ ಚಮಚವನ್ನು ಬಟ್ಟಲಿನೊಳಗೆ ನಿಲ್ಲಿಸಿಬಿಟ್ಟಳು, ಇನ್ನು ಸಾಕು ಎನ್ನಲು ಆ ಸೀಮೆಯವರ ಸನ್ನೆ ಅದು. ಮೂರು ಬಟ್ಟಲಾಗದೆ ಯಾರೂ ಹಾಗೆ ಮಾಡುವುದಿಲ್ಲ. ಬೈದರೂ ಅಷ್ಟು ನೋಯುವುದಿಲ್ಲ. ಐಲರ್ಟ್ ಕೆಟಲನ್ನು ಕೆಳಗಿಟ್ಟ.

"ಮೇಸ್ತ್ರಿ ಎಲ್ಲಿ?" ಎಂದಳು.

ಅವನು ಎದ್ದುಹೋಗಿ ಅಗಲ ಬಾಯಿಯ ಒಂದು ಬಾಟಲಿ ತಂದ, ಒಳಗೆ ಹಸಿರು ಮೀನು ಮುಳುಗಿತ್ತು. "ಕೋರ್ನ್ ಸಾರಾಯಿ. ಮನೇಲಿ ಇದ್ದದ್ದು ಅದೇ. ಕಿವಿರು ಬೇರೆ ತೆಗೆದಿಟ್ಟಿದೀನಿ. ಅವತ್ತೇ ನೋಡ್ದೆ. ನನ್ ಮಾತು ನೀನು ನಂಬಲ್ಲ, ನೀನೇ ನೋಡ್ಲಿ ಅಂತ ಕಾಪಾಡಿದೆ."

ಸೂಕ್ಷ್ಮದರ್ಶಕ ಅಡುಗೆಮನೆಯ ಕಿಟಕಿಯ ಬಳಿಯೇ ಇತ್ತು. ಫೋಲ್ಕೆ ಕುರ್ಚಿ ಎಳೆಸಿಕೊಂಡು ಕೂತು, ಕಿವಿರಿನ ತುಣುಕನ್ನು ಗಾಜಿನ ಮೇಲೆ ಹರಡಿದಳು. ಜೀವಿಗಳಿಗಾಗಿ ಹುಡುಕಿದಳು. ಬೇರೆ ತುಣುಕು ಹಾಕಿ ಮತ್ತೆ ಹುಡುಕಿದಳು. ಉಸಿರುಗಟ್ಟಿಸುವಷ್ಟು ಇರಲಿಲ್ಲ, ಅಲ್ಲೊಂದು ಇಲ್ಲೊಂದು ಅಷ್ಟೇ. ಆದರೆ ಬಾಚಣಿಗೆಯ ಹಲ್ಲುಗಳಂತೆ ಬಿಡಿಬಿಡಿಯಾಗಿರಬೇಕಾದ ಕಿವಿರಿನ ಎಳೆಗಳು ಊದಿ, ಲೋಳೆಗಟ್ಟಿ, ಒಂದಕ್ಕೊಂದು ಮೆತ್ತಿಕೊಂಡಿದ್ದವು. ಇದು ರೋಗದ ಗುರುತಲ್ಲ. ಒಗ್ಗಿಕೊಳ್ಳಲು ಪುರುಸೊತ್ತು ಕೊಡದೆ ಏರಿಸಿದ ತಾಮ್ರದ ಗುರುತು.

ಅವಳು ಕಣ್ಣನ್ನು ಕೊಳವೆಯಿಂದ ತೆಗೆಯದೆಯೇ ಹೇಳಿದಳು: "ಬಾಯ್ಬಿಟ್ಟು ಅಂದ್ಬಿಡು."

"ನಾನೇನೂ ಅನ್ನಲ್ಲ."

"ಐದು ದಿನದ್ದನ್ನ ಎರಡು ದಿನಕ್ಕೆ ಮಾಡ್ದೆ. ಯಾಕೆ ಅಂತ ಕೇಳು."

"ಕೇಳೋದೇನಿದೆ? ಸಿರಿಂಜು ನನ್ನ ಕೈಗೆ ಕೊಡೋಕೆ ನಿಂಗೆ ಮನಸ್ಸಿರ್ಲಿಲ್ಲ." ಐಲರ್ಟ್ ಬಾಟಲಿಯ ಮುಚ್ಚಳ ತಿರುವಿದ. "ರೆಮ್ಮರ್‌ಗೆ ಸತ್ತ ಅಂತ ಅಷ್ಟೇ ಹೇಳಿದೀನಿ. ಹೇಗೆ ಅಂತ ಹೇಳಿಲ್ಲ. ಫೋಲ್ಕೆ ಬರ್ಲಿ ಅಂದಿದೀನಿ."

ಅವಳು ಹೊರಡುವ ಮೊದಲು ಟಬ್ಬಿನ ನೀರಿನ ಉಪ್ಪನ್ನೂ ಬಿಸಿಯನ್ನೂ ಅಳೆದಳು. ಸರಿಯಾಗಿತ್ತು. ಮತ್ತೊಮ್ಮೆ ಅಳೆದಳು.

ಅಷ್ಟರಲ್ಲಾಗಲೇ ಊರಿನ ಬಾಯಿ ಸುಮ್ಮನಿರಲಿಲ್ಲ. ಔಷಧಿ ಕಂಡರಾಗದವನ ಕೈಗೆ ತೊಟ್ಟಿ ಹೋಯಿತು, ಮಾರನೆಯ ದಿನವೇ ಮೀನು ಸತ್ತಿತು. ಎರಡಕ್ಕೆ ಎರಡು ಸೇರಿಸಲು ಯಾರಿಗೂ ಕಷ್ಟವಾಗಲಿಲ್ಲ. ಐಲರ್ಟ್ ತಾಮ್ರವನ್ನು ಬೇಕೆಂದೇ ಹೆಚ್ಚು ಸುರಿದ, ಫೋಲ್ಕೆಯ ಹೆಸರು ಕೆಡಿಸಲೆಂದೇ ಸುರಿದ ಎಂದು ಒಬ್ಬರು. ಸುರಿಯಲೇ ಇಲ್ಲ, ಅದಕ್ಕೇ ಸತ್ತಿತು ಎಂದು ಇನ್ನೊಬ್ಬರು. ಎದುರಾಳಿಯ ಮೇಲೆ ಎಲ್ಲರ ಕಣ್ಣು ಬೀಳುತ್ತದೆಂಬ ಫೋಲ್ಕೆಯ ಲೆಕ್ಕ ಅಕ್ಷರಶಃ ನಿಜವಾಗಿತ್ತು. ಅವನು ಸಮಜಾಯಿಷಿ ಕೊಡಲಿಲ್ಲ. ಬೇಕರಿಯಲ್ಲಿ ಯಾರೋ ಮುಖ ತಿರುವಿದರಂತೆ. ಅದನ್ನೂ ಫೋಲ್ಕೆಗೆ ಹೇಳಿದವರು ಬೇರೆಯವರು.

ಡಿಸೆಂಬರಿನ ಮೊದಲ ಶುಕ್ರವಾರ ಸಂಘದ ಮಾಸಿಕ ಸಭೆ. ಒಂದೇ ಊರುಗೋಲಿನಲ್ಲಿ ಫೋಲ್ಕೆ ಬಂದಾಗ ಮೇಜುಗಳ ಮೇಲೆ ಚಹಾ ಬಟ್ಟಲುಗಳು ಸಜ್ಜಾಗಿದ್ದವು. ಐಲರ್ಟ್ ಬಾಗಿಲ ಬಳಿ, ಎದ್ದುಹೋಗಲು ಅನುಕೂಲವಾದ ಕುರ್ಚಿಯಲ್ಲಿದ್ದ. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, ನಡೆದದ್ದು ನಡೆದುಹೋಯಿತು, ಆದರೂ ನೆಲಮಾಳಿಗೆಯ ಕೀಲಿಯನ್ನು ಐಲರ್ಟ್ ಹಿಂದಿರುಗಿಸಿದರೆ ಎಲ್ಲರಿಗೂ ನೆಮ್ಮದಿ ಎಂದು ನೆಲ ನೋಡುತ್ತ ಹೇಳಿದರು.

ಐಲರ್ಟ್ ಜೇಬಿಗೆ ಕೈಹಾಕಿದ.

"ತೆಗೀಬೇಡ," ಎಂದಳು ಫೋಲ್ಕೆ. ಎದ್ದು ನಿಲ್ಲಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ರೆಮ್ಮರ್ ಕೂತಿದ್ದ ಮೇಜಿಗೆ ತಿರುಗಿದಳು. "ರೆಮ್ಮರ್, ನಿಮ್ಮ ನಾಲ್ಕು ಮೀನು ಉಳಿದದ್ದು ಐಲರ್ಟನಿಂದ. ಸತ್ತ ಒಂದು ನನ್ನಿಂದ. ಕಿವಿರು ನಾನೇ ನೋಡಿದೀನಿ. ಔಷಧಿ ಏರಿಸೋ ಕೆಲಸ ಇವನಿಗೆ ಬಿಡಬೇಕಾಗಿತ್ತು. ಬಿಡ್ಲಿಲ್ಲ. ಇವನ ಮೇಲೆ ನಂಬಿಕೆ ಇರ್ಲಿಲ್ಲ, ಅದಕ್ಕೇ ಅವಸರ ಮಾಡ್ದೆ."

ಯಾರೋ ಚಮಚವನ್ನು ತಟ್ಟೆಯ ಮೇಲಿಟ್ಟ ಸದ್ದು ಕೇಳಿಸಿತು. ಅಧ್ಯಕ್ಷರು, "ಅಯ್ಯೋ ಫೋಲ್ಕೆ, ನೋವಿನಲ್ಲಿದ್ರಿ, ಯಾರಿಗಾದ್ರೂ—" ಎಂದು ಶುರುಮಾಡಿದರು.

ರೆಮ್ಮರ್ ಕೈ ಎತ್ತಿ ಅವರನ್ನು ತಡೆದರು. ಮುದುಕರ ಮುಖದಲ್ಲಿ ಕೋಪವಿತ್ತೋ ಇಲ್ಲವೋ ಹೇಳುವಂತಿರಲಿಲ್ಲ. ಹೂಳೆತ್ತುವವರು ನೀರಿನ ತಳವನ್ನು ಕೋಲಿನಿಂದ ತಡವುವ ಹಾಗೆ ಅವಳನ್ನು ನೋಡಿದರು.

"ಕಟ್ಟಳೆ ಮುರಿದೋನು ನಾನು. ಅದು ಇರ್ಲಿ," ಎಂದರು. "ಈ ಸಂಘದಲ್ಲಿ ಎಲ್ಲರ ನೀರನ್ನೂ ಸಂಶಯ ಪಡ್ತೀಯ ನೀನು. ಒಂದು ಕೇಳ್ತೀನಿ, ಯಾರೂ ನಿನ್ನ ಕೇಳಿಲ್ಲ. ಇಷ್ಟು ವರ್ಷದಲ್ಲಿ ನಿನ್ನ ಕೈಲಿ ಸತ್ತವುಗಳಲ್ಲಿ ರೋಗದಿಂದ ಸತ್ತದ್ದು ಬಿಡು. ನಿನ್ನ ಔಷಧಿಯಿಂದ್ಲೇ ಸತ್ತದ್ದು ಎಷ್ಟು? ಗೊತ್ತಾ ನಿಂಗೆ?"

"ಗೊತ್ತು," ಎಂದಳು ಫೋಲ್ಕೆ. ಲೆಕ್ಕ ಹಾಕಲು ಅವಳು ನಿಲ್ಲಲಿಲ್ಲ. ಅದು ಬಹಳ ವರ್ಷಗಳಿಂದ ಅವಳ ನಾಲಿಗೆಯ ತುದಿಯಲ್ಲೇ ಇತ್ತು, ಕೇಳುವವರು ಮಾತ್ರ ಬಂದಿರಲಿಲ್ಲ.

"ಮೇಸ್ತ್ರಿ ಸೇರಿ ಹದಿನೇಳು."